ಅಕ್ಕೋರಮ್ಮನ ಬಂಡೆ

ಹಿರೇಕಣಿವೆಯ ಬಸ್ ನಿಲ್ದಾಣದಲ್ಲಿ ಇಳಿದು ಯಾರನ್ನು ಕೇಳಿದರೂ ಅಕ್ಕೋರಮ್ಮನ ಬಂಡೆಗೆ ದಾರಿ ತೋರಿಸುತ್ತಾರೆ. ಊರ ಹಿಂದಿನ ಹಳ್ಳ ದಾಟಿ, ಅರಣ್ಯ ಇಲಾಖೆಯವರು ಬೆಳೆಸಿದ ಸಾಗುವಾನಿ ತೋಪಿನ ನಡುವೆ ಏರುತ್ತ ಹೋದರೆ ಕಣಿವೆಗೇರಿ ಎಂಬ ನಮ್ಮ ಕೇರಿ ಸಿಗುತ್ತದೆ. ನಾವು ಸಿದ್ದಿಗಳು. ಕೇರಿಯಿಂದ ಕೂಗಳತೆಯ ದೂರದಲ್ಲಿ, ಎರಡು ಮುದಿ ಮತ್ತಿಮರಗಳ ನೆರಳಿನಲ್ಲಿ ಆ ಬಂಡೆ ಇದೆ. ಉಬ್ಬಿದ, ಉರುಟಾದ ಬಂಡೆಗಳು ಈ ಕಾಡಿನಲ್ಲಿ ಬೇಕಾದಷ್ಟಿವೆ. ಇದು ಮಾತ್ರ ಗೋಡೆಯ ಹಾಗೆ ಸಪಾಟಾಗಿ, ತುಸು ಹಿಂದಕ್ಕೆ ವಾಲಿಕೊಂಡು ನಿಂತಿದೆ. ವರ್ಷಗಟ್ಟಲೆ ಎಣ್ಣೆ ಕುಡಿದು ಅದರ ಮೈ ಮಿರಿಮಿರಿ ಮಿಂಚುತ್ತದೆ. ನಡುಮಧ್ಯೆ ಒಂದು ಬೆಳ್ಳಿಯ ಮುಖವಾಡ ಕೂರಿಸಿದ್ದಾರೆ. ಚೂಪು ಮೂಗು, ತೆಳು ತುಟಿ, ಬೈತಲೆ ತೆಗೆದು ಬಾಚಿದ ನೇರ ಕೂದಲು. ಮೇಲೆ ತಗಡಿನ ಚಪ್ಪರ, ಪಕ್ಕದಲ್ಲಿ ಚಪ್ಪಲಿ ಬಿಡುವ ಕಟ್ಟೆ, ಎದುರಿಗೆ ಹಸಿರು ಬಣ್ಣದ ದೊಡ್ಡ ಬೋರ್ಡು. ಮಾರ್ಚ್ ತಿಂಗಳು ಬಂತೆಂದರೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹತ್ತನೆಯ ಈಯತ್ತೆಯ ಪರೀಕ್ಷೆಗೆ ಕೂರುವ ಮಕ್ಕಳನ್ನು ಕರೆದುಕೊಂಡು ತಂದೆತಾಯಿಗಳು ಕಾರಿನಲ್ಲಿ ಬರುತ್ತಾರೆ. ಬಂಡೆಗೆ ಎಣ್ಣೆ ಹೊಯ್ದು, ಮಗುವಿನ ಪೆನ್ನನ್ನು ಆ ಎಣ್ಣೆಗೆ ಮುಟ್ಟಿಸಿ ಜೇಬಿಗೆ ಹಾಕಿ ಕಳಿಸುತ್ತಾರೆ. ಹಾಗೆ ಮಾಡಿದರೆ ಮಗು ಪಾಸಾಗುತ್ತದೆ ಎನ್ನುತ್ತಾರೆ.

ಇದರ ಕತೆ ಕೇಳಿದರೆ ಪೂಜಾರಿ ಒಂದು ಹೇಳುತ್ತಾರೆ. ಏಳು ಮಂದಿ ಅಕ್ಕತಂಗಿಯರಂತೆ, ಹಿರಿಯಳು ರಾಕ್ಷಸನೊಬ್ಬನನ್ನು ಕೊಂದು ಸಿಟ್ಟು ಇಳಿಯದೆ ಇಲ್ಲಿ ಬಂದು ಕಲ್ಲಾದಳಂತೆ, ಎಲ್ಲರಿಗೂ ಅಕ್ಕನಾದದ್ದರಿಂದ ಅಕ್ಕೋರಮ್ಮ ಎಂಬ ಹೆಸರು ಬಂತಂತೆ. ರಾಕ್ಷಸನ ಹೆಸರನ್ನು ಮಾತ್ರ ಅವರು ಒಂದೊಂದು ವರ್ಷ ಒಂದೊಂದು ಹೇಳುತ್ತಾರೆ. ನಮ್ಮ ಸೀಮೆಯಲ್ಲಿ ಅಕ್ಕೋರು ಎಂದರೆ ಶಾಲೆ ಕಲಿಸುವ ಹೆಂಗಸು. ಇದು ಹಿರೇಕಣಿವೆಯ ಕೂಸಿಗೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರುವುದೂ ಒಂದು ವಿದ್ಯೆ. ಆ ವಿದ್ಯೆಯಲ್ಲಿ ಹಿರೇಕಣಿವೆ ಎಂದೋ ಪಾಸಾಗಿದೆ. ನಾನು ಹೇಳುವುದು ನನ್ನ ಅಜ್ಜಿ ಜೈತುನ್ ಹೇಳಿದ್ದನ್ನು. ಆಕೆ ಈ ಕತೆಯನ್ನು ಇನ್ನೊಬ್ಬರಿಂದ ಕೇಳಿದವಳಲ್ಲ, ಇದರೊಳಗೇ ನಿಂತಿದ್ದವಳು. ಆಕೆ ಹೇಳದೆ ಬಿಟ್ಟ ಕಡೆಗಳಲ್ಲಿ ಕೇರಿಯ ಮುದುಕರು ಹೇಳಿದ್ದನ್ನು ಸೇರಿಸಿದ್ದೇನೆ.

ಹಿಂದೆ ಒಮ್ಮೆ, ಈ ಸೀಮೆ ಮುಂಬಯಿ ಸರಕಾರದ ಕೈಯಲ್ಲಿದ್ದ ಕಾಲಕ್ಕೆ, ಈ ಬಂಡೆಗೆ ದನದ ಕಲ್ಲು ಎಂದು ಹೆಸರಿತ್ತು. ನಮ್ಮ ಪೂರ್ವಜರನ್ನು ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದ್ದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ಸೇರಿದ ಮೇಲೆ ಕಾಡು ಯಾರದೆಂದು ಕೇಳಿದರೆ ಅದಕ್ಕೂ ಒಬ್ಬ ಧಣಿ ಇದ್ದ. ಕೇರಿಯಲ್ಲಿ ದೀಪಾವಳಿ ಮಾಡುವವರು, ರೋಜಾ ಹಿಡಿಯುವವರು, ಇಗರ್ಜಿಗೆ ಹೋಗುವವರು ಹೀಗೆ ಮೂರು ಬಗೆಯವರೂ ಇದ್ದರು, ಈಗಲೂ ಇದ್ದಾರೆ. ದೇವರು ಬೇರೆಯಾದರೂ ಕಪ್ಪು ಮೈ, ಗುಂಗುರು ಕೂದಲು, ಡಮಾಮಿ ಎಂಬ ನಮ್ಮ ಡೋಲು, ಮತ್ತು ಸತ್ತ ಹಿರಿಯರ ಪೂಜೆ, ಇವು ಎಲ್ಲರಿಗೂ ಒಂದೇ. ಮಾಡುವ ಕೆಲಸವೂ ಒಂದೇ ಆಗಿತ್ತು. ಹಿರೇಕಣಿವೆಯ ಇನಾಮದಾರ ವಿಠ್ಠಲರಾಯರ ಗದ್ದೆಗೆ ದೊಡ್ಡವರು, ಅವರ ದನಕ್ಕೆ ಮಕ್ಕಳು. ಕೇರಿಯ ಮಗುವಿಗೆ ನಡೆಯಲು ಬಂದರೆ ಸಾಕು, ಕೈಯಲ್ಲಿ ಒಂದು ಕೋಲು ಬರುತ್ತಿತ್ತು. ಮಧ್ಯಾಹ್ನ ಬಿಸಿಲೇರಿದಾಗ ದನಗಳು ಈ ಮತ್ತಿಮರಗಳ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು. ಮಕ್ಕಳು ಬಂಡೆಗೆ ಒರಗಿ ತೂಕಡಿಸುತ್ತಿದ್ದರು. ಅದಕ್ಕೇ ಆ ಹಳೆಯ ಹೆಸರು.

ಬಂಡೆಯ ಹೆಸರಿನಲ್ಲಿರುವ ಆ ಅಕ್ಕೋರು, ನತಾಲಿನ ಬಾಯಿ, ಈ ಕೇರಿಯಲ್ಲೇ ಹುಟ್ಟಿದವರು. ತಾಯಿ ತಂದೆ ಇಬ್ಬರೂ ಚಳಿಜ್ವರಕ್ಕೆ ಹೋದ ಮೇಲೆ, ದೂರದ ಪಟ್ಟಣದ ಕಾನ್ವೆಂಟಿನ ಸಿಸ್ಟರುಗಳು ಆ ಅನಾಥ ಹುಡುಗಿಯನ್ನು ಕಸ ಹೊಡೆಯುವುದಕ್ಕೆಂದು ಕರೆದೊಯ್ದರು. ತರಗತಿ ಬಿಟ್ಟ ಮೇಲೆ ಬೋರ್ಡು ಒರೆಸುವುದು ಅವರ ಕೆಲಸವಾಗಿತ್ತು. ಒರೆಸುವ ಮೊದಲು ಅದರಲ್ಲಿದ್ದುದನ್ನು ಪೂರ್ತಿ ಓದಿ ಆಮೇಲೆ ಒರೆಸುತ್ತಿದ್ದರು ಎನ್ನುತ್ತಾರೆ. ಹೇಗೋ ಅದು ದೊಡ್ಡ ಸಿಸ್ಟರ ಕಣ್ಣಿಗೆ ಬಿತ್ತು, ಪೊರಕೆಯ ಕೈಗೆ ಪುಸ್ತಕ ಬಂತು, ನಮ್ಮ ಕಡೆಯ ಸಿದ್ದಿಗಳಲ್ಲಿ ಯಾರೂ ಕನಸಿನಲ್ಲಿ ಕೂಡ ನೆನೆಯದ ಏಳನೆಯ ಈಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಯಿತು. ಅದು ಮುಲ್ಕಿ ಪಾಸಾದವರನ್ನು ಕರೆದು ಮಾಸ್ತರಿಕೆ ಕೊಡುತ್ತಿದ್ದ ಕಾಲ. ನತಾಲಿನ ಬಾಯಿಯವರ ಅರ್ಜಿಯನ್ನು ಮೆಚ್ಚಿ ಕರೆಸಿಕೊಂಡವರು, ಬಾಗಿಲಲ್ಲಿ ಅವರ ಮುಖ ಕಂಡ ಕೂಡಲೇ ಜಾಗ ತುಂಬಿಹೋಗಿದೆ ಎಂದು ಹೇಳಿ ಕಳಿಸಿದರು. ಒಂದು ಊರಿನಲ್ಲಲ್ಲ, ಹೋದ ಊರುಗಳಲ್ಲೆಲ್ಲ ಅದೇ ಮಾತು. ಕೊನೆಗೆ ಅವರು ಟ್ರಂಕು ಹೊತ್ತು ಕಣಿವೆಗೇರಿಗೆ ಬಂದು, ಬಿದ್ದುಹೋಗಿದ್ದ ಅಪ್ಪನ ಗುಡಿಸಲನ್ನು ಎತ್ತಿ ನಿಲ್ಲಿಸಿಕೊಂಡರು. ಮದುವೆ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, ನನಗೆ ಪುರುಸೊತ್ತಿಲ್ಲ ಎನ್ನುತ್ತಿದ್ದರಂತೆ.

ಶಾಲೆಗೆ ಮಕ್ಕಳನ್ನು ಕಳಿಸಿ ಎಂದರೆ ಕೇರಿಯವರು ನಕ್ಕರು. ದನ ಯಾರು ಕಾಯಬೇಕು? ಅಕ್ಕೋರು ವಾದಕ್ಕೆ ನಿಲ್ಲಲಿಲ್ಲ. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ದನದ ಹಿಂದೆ ಹೋಗಲಿ ಎಂದು ಮಧ್ಯಾಹ್ನದ ಹೊತ್ತಿಗೆ ದನದ ಕಲ್ಲಿನ ಬುಡಕ್ಕೆ ಬಂದು ಕೂತರು. ದನ ಮಲಗಿದರೆ ಶಾಲೆ ಶುರು, ದನ ಎದ್ದರೆ ಶಾಲೆ ಮುಗಿಯಿತು. ಬೇರೆ ಗಂಟೆ ಇರಲಿಲ್ಲ. ತೊಂಡೆಯ ಎಲೆಯನ್ನು ಇದ್ದಿಲಿನ ಜೊತೆ ಅರೆದು ತಿಕ್ಕಿ ಬಂಡೆಯ ಮೈಯನ್ನು ಕಪ್ಪಗೆ ಮಾಡಿದರು. ಹಳ್ಳದ ದಂಡೆಯ ಬಿಳಿ ಶೇಡಿಮಣ್ಣನ್ನು ಉಂಡೆ ಕಟ್ಟಿ ಒಣಗಿಸಿದರೆ ಅದೇ ಬಳಪ. ಮೊದಲ ಪಾಠ ಅ ಆ ಇ ಈ ಆಗಿರಲಿಲ್ಲ. ಪ್ರತಿ ಮಗುವಿಗೂ ತಾನು ಕಾಯುವ ಹಸುವಿನ ಹೆಸರನ್ನು ಮೊದಲು ಬರೆದುಕೊಡುತ್ತಿದ್ದರು. ನನ್ನ ಅಜ್ಜಿ ಬರೆದ ಮೊದಲ ಪದ ಕೌಲಿ. ಅದು ಅವಳ ಹಸು. ಅಲ್ಲಿ ಮಲಗಿರುವ ಕೌಲಿ ಇಲ್ಲಿ ಬಂಡೆಯ ಮೇಲೂ ಇದೆ ಎಂದು ತಿಳಿದ ದಿನ ಆಕೆಗೆ ಅನ್ನ ಸೇರಲಿಲ್ಲವಂತೆ, ಅಷ್ಟು ಸಂತೋಷ. ಮುದುಕಿಯಾದ ಮೇಲೂ ಆ ಮಾತು ಹೇಳುವಾಗ ಆಕೆಯ ಮುಖ ಅರಳುತ್ತಿತ್ತು. ಕೇರಿಯವರು ಬಂಡೆಯನ್ನು ಸಾಲಿಗಲ್ಲು, ಅಂದರೆ ಶಾಲೆಯ ಕಲ್ಲು ಎಂದು ಕರೆಯತೊಡಗಿದರು.

ಅಕ್ಕೋರಿಗೆ ಸಿಟ್ಟು ಬರುತ್ತಿದ್ದದ್ದು ಒಂದೇ ವಿಷಯಕ್ಕೆ. ತಲೆಗೆ ಎಣ್ಣೆ ಮೆತ್ತಿಕೊಂಡು ಬಂದ ಮಕ್ಕಳು ಹಳೆಯ ರೂಢಿಯಂತೆ ಬಂಡೆಗೆ ಒರಗಿಬಿಡುತ್ತಿದ್ದರು. ಒರಗಿದ ಜಾಗದಲ್ಲಿ ಶೇಡಿ ಹಿಡಿಯುತ್ತಿರಲಿಲ್ಲ; ಉಂಡೆ ಜಾರಿಕೊಂಡು ಹೋಗುತ್ತಿತ್ತು. "ಎಣ್ಣಿ ಬಿದ್ದಲ್ಲೆ ಅಕ್ಷರಾ ನಿಲ್ಲಂಗಿಲ್ಲ, ಎಷ್ಟ್ ಸಲಾ ಹೇಳಬೇಕ ನಿಮಗ!" ಎಂದು ಬಯ್ಯುತ್ತ, ಒಲೆಯ ಬೂದಿ, ಅಂಟುವಾಳಕಾಯಿ ತಂದು ಆ ತಲೆಯ ಗುರುತನ್ನು ತಾವೇ ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ಒಂದು ತಲೆಯಷ್ಟು ಜಾಗ ತಿಕ್ಕುವುದರಲ್ಲಿ ದನ ಎದ್ದುಬಿಡುತ್ತಿದ್ದವು. ಅಂದಿನ ಪಾಠ ಹೋಯಿತಲ್ಲ ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡದ್ದೂ ಇದೆ.

ಅವರ ಕೆಲಸ ಅಕ್ಷರಕ್ಕೆ ಮುಗಿಯಲಿಲ್ಲ. ಮೂರು ದೇವರ ಮಕ್ಕಳಿಗೂ ಬೇರೆ ಬೇರೆ ಪಂಚರಿದ್ದರು. ಅವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿ ಕೇರಿಗೆಲ್ಲ ಒಬ್ಬನೇ ಬುದವಂತ, ಅಂದರೆ ಒಬ್ಬನೇ ಮುಖ್ಯಸ್ಥ ಇರಲಿ ಎಂದು ಒಪ್ಪಿಸಿದವರು ಅವರೇ. ಹಾಗೆ ಪುಟ್ಟಾ ಎಂಬ ಹಿರಿಯ ಬುದವಂತನಾದ. ಇನಾಮದಾರರ ಮನೆಯ ಭತ್ತ ಕುಟ್ಟಲು ಕರೆದಾಗ ನಮ್ಮ ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗಕೂಡದು, ಗುಂಪಾಗಿ ಹೋಗಿ ಗುಂಪಾಗಿ ಬರಬೇಕು ಎಂಬ ಕಟ್ಟನ್ನು ಮಾಡಿದವರೂ ಅವರೇ. ಯಾಕೆ ಎಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ವಿಠ್ಠಲರಾಯರಿಗೂ ಗೊತ್ತಾಯಿತು. ಒಂದು ಮಧ್ಯಾಹ್ನ ಅವರು ಕುದುರೆ ಹತ್ತಿಕೊಂಡು ಬಂಡೆಯ ಹತ್ತಿರ ಬಂದು, ಇಳಿಯದೆಯೇ, "ಏ ನತಾಲಿ, ಈ ಹುಡುಗರು ಶಾಣ್ಯಾ ಆದ್ರ ನನ್ನ ದನಾ ಯಾರ ಕಾಯಬೇಕ?" ಎಂದು ಕೇಳಿದರು. ಅಕ್ಕೋರು ಎದ್ದು ನಿಂತು, "ನಿಮ್ಮ ದನಾ ಒಂದೂ ತಪ್ಪಿಲ್ಲಲ್ರೀ ಧಣೀರ. ಅವು ಮೆಲಕ ಹಾಕೂ ಹೊತ್ತಿನ್ಯಾಗ ನಮ್ಮ ಹುಡುಗರೂ ಎಲ್ಡ ಅಕ್ಷರಾ ಮೆಲಕ ಹಾಕ್ತಾವ, ಅಷ್ಟ" ಎಂದರು. ಮಕ್ಕಳು ಕಿಸಕ್ಕನೆ ನಕ್ಕರು. ಧಣಿಯ ಎದುರಿಗೆ ಕೇರಿಯವರು ನಕ್ಕದ್ದು ಅದೇ ಮೊದಲು. ವಿಠ್ಠಲರಾಯರೂ ನಕ್ಕು ಕುದುರೆ ತಿರುಗಿಸಿದರು. ಆ ಮನುಷ್ಯ ನಕ್ಕಾಗಲೇ ಹೆದರಬೇಕಾಗಿತ್ತು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಅಕ್ಕೋರ ಆಸೆ ಒಂದೇ. ಸಾಲಿಗಲ್ಲಿನ ಶಾಲೆಯನ್ನು ಸರಕಾರ ಶಾಲೆಯೆಂದು ಒಪ್ಪಬೇಕು. ಒಪ್ಪಿದರೆ ಮಾಡು ಬರುತ್ತದೆ, ಪುಸ್ತಕ ಬರುತ್ತದೆ, ಮಾಸ್ತರು ಬರುತ್ತಾರೆ, ತಾನು ಇದ್ದರೂ ಇಲ್ಲದಿದ್ದರೂ ಶಾಲೆ ಇರುತ್ತದೆ. ಅದಕ್ಕಾಗಿ ಮಳೆ, ಬಿಸಿಲೆನ್ನದೆ ಕಾಡುದಾರಿಯಲ್ಲಿ ತಾಲೂಕು ಕಚೇರಿಗೆ ನಡೆದರು. ಕಚೇರಿಯ ಹೊರಗೆ ನಿಂತು ಕಾಲು ಬಾತುಕೊಂಡರೂ ಬಿಡಲಿಲ್ಲ. ಕೊನೆಗೆ ಉತ್ತರ ಬಂತು. ಈ ಸುತ್ತಿನ ಊರುಗಳಿಗೆಲ್ಲ ಒಂದೇ ಶಾಲೆ ಕೊಡಬಹುದು. ಹಿರೇಕಣಿವೆಯ ಇನಾಮದಾರರೂ ಕೇಳಿದ್ದಾರೆ. ಇನ್ಸ್‌ಪೆಕ್ಟರ್ ಸಾಹೇಬರು ದೀಪಾವಳಿ ಕಳೆದು ಬಂದು ನೋಡುತ್ತಾರೆ. ಕಣಿವೆಗೇರಿಯಲ್ಲಿ ನಿಜವಾಗಿ ಶಾಲೆ ನಡೆಯುತ್ತಿದ್ದರೆ, ಮಕ್ಕಳು ಓದು ಬರಹ ತೋರಿಸಿದರೆ, ಶಾಲೆ ಅಲ್ಲಿಗೇ. ಅಂದಿನಿಂದ ಅಕ್ಕೋರು ಮಕ್ಕಳಿಗೆ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಬರೆಸಿದರು. ಇದು ನಮ್ಮ ಶಾಲೆ. ಇನ್ಸ್‌ಪೆಕ್ಟರ್ ಬಂದಾಗ ಬಂಡೆಯ ಮೇಲೆ ಅದನ್ನು ಬರೆಯಲು ನನ್ನ ಅಜ್ಜಿಯನ್ನು ಆರಿಸಿದರು. ಆಕೆಯ ಅಕ್ಷರ ದುಂಡಗಿತ್ತು.

ಮಳೆಗಾಲದ ಕೊನೆಯಲ್ಲಿ ಅಕ್ಕೋರಿಗೆ ಚಳಿಜ್ವರ ಹಿಡಿಯಿತು. ಕಂಬಳಿ ಹೊದ್ದು ನಡುಗುತ್ತಲೇ ಬಂಡೆಯ ಬುಡದಲ್ಲಿ ಕೂತು ಪಾಠ ಹೇಳಿದರು. ಮಕ್ಕಳು ಸುತ್ತ ಕೂತು ಅವರ ಕಾಲುಗಳನ್ನು ಒತ್ತಿ ಹಿಡಿದಿದ್ದರಂತೆ, ನಡುಕ ನಿಲ್ಲಲಿ ಎಂದು. ದೀಪಾವಳಿಯ ಹಣತೆಗಳು ಇನ್ನೂ ಅಂಗಳದಲ್ಲಿದ್ದಾಗಲೇ ಅವರು ಏಳಲಾಗದೆ ಮಲಗಿದರು. ಕೊನೆಯ ದಿನ ಜೈತುನಳ ಕೈ ಹಿಡಿದು, "ನಾ ಇಲ್ಲಂದ್ರೂ ನೀ ಬರದ ತೋರಸು, ಕೂಸ. ಹೆದರಬ್ಯಾಡ. ಅಕ್ಷರಾ ದುಂಡಗ ಬರಲಿ" ಎಂದರು. ಪಾದ್ರಿಗಳು ದೂರದಿಂದ ಬಂದು ಪ್ರಾರ್ಥನೆ ಹೇಳಿ ಮಣ್ಣು ಮಾಡಿದರು. ಆಮೇಲೆ ನಮ್ಮವರು ನಮ್ಮ ಕೆಲಸಕ್ಕೆ ಕೂತರು.

ಆ ಕೆಲಸ ಏನೆಂದು ಹೇಳಬೇಕು. ನಮ್ಮಲ್ಲಿ ಸತ್ತವರು ಹೋಗಿಬಿಡುವುದಿಲ್ಲ, ಹಿರಿಯರಾಗಿ ಮನೆಗೆ ಮರಳುತ್ತಾರೆ. ಮನೆಯವರು ಒಂದು ಕಲ್ಲನ್ನು ಆರಿಸಿ ತಂದು, ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಮೂಲೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಅಂದಿನಿಂದ ಆ ಕಲ್ಲೇ ಹಿರಿಯರು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಮೊದಲು ಅವರಿಗೆ ಹೇಳಬೇಕು, ಎಣ್ಣೆ ಒಣಗಲು ಬಿಡಬಾರದು. ಅಕ್ಕೋರಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹಾಗಾದರೆ ಅವರು ಯಾರ ಮನೆಯ ಹಿರಿಯರು? ನಮ್ಮ ಮನೆಗೆ ಬರಲಿ ಎಂದು ಒಬ್ಬಳು ಅಂದಳು, ನನ್ನ ಮಗನಿಗೆ ಹೆಸರು ಬರೆಯಲು ಕಲಿಸಿದ್ದಾರೆ, ನನಗೇ ಬೇಕು ಎಂದು ಇನ್ನೊಬ್ಬಳು. ಅಳುತ್ತ ಅಳುತ್ತಲೇ ಜಗಳ ಹತ್ತಿತು. ಅಂಥ ಜಗಳ ಕೇರಿಯಲ್ಲಿ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಆಗ ಪುಟ್ಟಾ ಬುದವಂತ ಎದ್ದು ಹೇಳಿದ. ಅಕ್ಕೋರು ಒಂದು ಮನೆಯವರಲ್ಲ, ಎಲ್ಲ ಮನೆಯವರು. ಅವರಿಗೆ ಮನೆಮೂಲೆಯ ಸಣ್ಣ ಕಲ್ಲು ಸಾಲದು. ಅವರು ದಿನಾ ಕೂರುತ್ತಿದ್ದ ಆ ದೊಡ್ಡ ಕಲ್ಲೇ ಅವರು. ಎಲ್ಲರೂ ಒಪ್ಪಿದರು. ಆ ಗಳಿಗೆಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಯಾರಿಗೂ ಹೊಳೆಯುವಂತಿರಲಿಲ್ಲ. ನಾನು ಅವರನ್ನು ಬೈಯುತ್ತಿಲ್ಲ. ಬೈಯಬೇಕೆನಿಸಿದಾಗಲೆಲ್ಲ ಆ ಹೆಂಗಸರು ಅತ್ತದ್ದು ನೆನಪಾಗುತ್ತದೆ.

ಇಷ್ಟು ದೊಡ್ಡ ಬಂಡೆಗೆ ಎಣ್ಣೆ ಎಲ್ಲಿಂದ ತರುವುದು ಎಂದು ಕೇರಿ ತಲೆ ಕೆಡಿಸಿಕೊಂಡಿರುವಾಗ ಹಿರೇಕಣಿವೆಯಿಂದ ಗಾಡಿ ಬಂತು. ಗಾಡಿಯಲ್ಲಿ ಡಬ್ಬಿಗಟ್ಟಲೆ ಕೊಬ್ಬರಿ ಎಣ್ಣೆ, ಕುಂಕುಮದ ಪೊಟ್ಟಣ, ಉಡಿಸಲು ಒಂದು ಕೆಂಪು ಪತ್ತಲದ ಸೀರೆ. ವಿಠ್ಠಲರಾಯರು ಕಳಿಸಿದ್ದರು. ತನ್ನ ಜಗಲಿಯ ಮೇಲೆ ನಮ್ಮವರ ನೆರಳು ಬಿದ್ದರೆ ನೀರು ಚಿಮುಕಿಸಿ ತೊಳೆಸುತ್ತಿದ್ದ ಮನುಷ್ಯ, ನಮ್ಮ ಹಿರಿಯರಿಗೆ ಪತ್ತಲ ಕಳಿಸಿದ್ದರು. "ಏನ ಅನ್ರಿ, ಧಣಿಗೂ ಕರಳ ಐತಿ" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಇನ್ಸ್‌ಪೆಕ್ಟರ್ ಬರುವ ದಿನ ಧಣಿಗೆ ಗೊತ್ತಿತ್ತು. ಎಣ್ಣೆ ಬಿದ್ದಲ್ಲಿ ಅಕ್ಷರ ನಿಲ್ಲುವುದಿಲ್ಲ ಎಂಬುದು ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಗೊತ್ತಿರಲಿಲ್ಲ, ಬರೀ ದಯೆಯಿಂದ ಕಳಿಸಿದರು ಎಂದು ನಂಬುವವರು ನಮ್ಮ ಕೇರಿಯಲ್ಲಿ ಈಗಲೂ ಇದ್ದಾರೆ. ನಾನು ಅವರೊಡನೆ ವಾದಿಸುವುದನ್ನು ಬಿಟ್ಟಿದ್ದೇನೆ.

ಜೈತುನ್ ಮಾತ್ರ ಬಂಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಅಡ್ಡ ನಿಂತಳು. "ಎಣ್ಣಿ ಹಾಕಬ್ಯಾಡ್ರೀ ಅಜ್ಜಾ, ನಾಳೆ ಸಾಹೇಬ್ರು ಬರ್ತಾರ, ಶೇಡಿ ಹಿಡ್ಯಂಗಿಲ್ಲ" ಎಂದು ಅಂಗಲಾಚಿದಳು. ಪುಟ್ಟಾ ಬುದವಂತ ಆಕೆಯ ತಲೆ ಸವರಿ, "ಹುಚ್ಚಿ, ಹಿರಿಯರ್ನ ಯಾರರ ಒಣಾ ಇಡ್ತಾರೇನ? ಅಕ್ಕೋರು ಇದರಾಗ ಅದಾರ. ಸಾಹೇಬ್ರು ಬಂದಾಗ ಅವರ ದಾರಿ ತೋರಸ್ತಾರ, ಸುಮ್ನಿರು" ಎಂದು ಮೆಲ್ಲಗೆ ಸರಿಸಿದ. ಡಮಾಮಿ ಬಡಿಯಿತು. ಮೂರು ದೇವರ ಮಕ್ಕಳೂ ಕೂಡಿ ಕುಣಿದರು. ಡಬ್ಬಿಗಳು ಒಂದೊಂದಾಗಿ ಬಂಡೆಯ ನೆತ್ತಿಯಿಂದ ಸುರಿದವು. ತೊಂಡೆಯೆಲೆ, ಇದ್ದಿಲು ತಿಕ್ಕಿ ತಿಕ್ಕಿ ಕಪ್ಪಾಗಿದ್ದ ಕಲ್ಲು ಆ ಎಣ್ಣೆಯನ್ನು ಗಟಗಟನೆ ಕುಡಿಯಿತು ಎನ್ನುತ್ತಾರೆ. ಅಕ್ಕೋರಿಗೆ ತೃಪ್ತಿಯಾಯಿತು ಎಂದು ಜನ ಕೈಮುಗಿದರು.

ಮರುದಿನ ಇನ್ಸ್‌ಪೆಕ್ಟರ್ ಸಾಹೇಬರು ವಿಠ್ಠಲರಾಯರ ಗಾಡಿಯಲ್ಲೇ ಬಂದರು. ಮಕ್ಕಳು ಸಾಲಾಗಿ ನಿಂತಿದ್ದರು. ಬಂಡೆಯ ಮೇಲೆ ಕೆಂಪು ಪತ್ತಲ, ಹೂವು, ಬುಡದಲ್ಲಿ ಉರಿಯುವ ದೀಪ, ಊದುಬತ್ತಿಯ ಹೊಗೆ. ಸಾಹೇಬರು ಸುತ್ತ ನೋಡಿ, "ಶಾಲೆ ಎಲ್ಲಿ?" ಎಂದು ಕೇಳಿದರು. ಜೈತುನ್ ಮುಂದೆ ಬಂದು, "ಇದ ನಮ್ಮ ಸಾಲಿ ರೀ ಸಾಹೇಬ್ರ" ಎಂದಳು. ಬರೆದು ತೋರಿಸು ಎಂದರು. ಆಕೆ ಪತ್ತಲವನ್ನು ಸ್ವಲ್ಪ ಸರಿಸಿ, ಶೇಡಿಯ ಉಂಡೆಯಿಂದ 'ಇ' ಬರೆದಳು. ಏನೂ ಮೂಡಲಿಲ್ಲ. ಒತ್ತಿ ಬರೆದಳು. ಉಂಡೆ ಎಣ್ಣೆಯಲ್ಲಿ ಜಾರಿ, ಮೆತ್ತಗಾಗಿ, ಕೈಯಲ್ಲಿ ಅಂಟಾಗಿ ಉಳಿಯಿತು. ಬೇರೆ ಜಾಗದಲ್ಲಿ ಬರೆದಳು, ಇನ್ನೂ ಕೆಳಗೆ, ಇನ್ನೂ ಬದಿಗೆ. ಕೊನೆಗೆ ದೀಪದ ಪಕ್ಕದ ಊದುಬತ್ತಿಯ ಬೂದಿ ಬಾಚಿಕೊಂಡು ತನ್ನ ಲಂಗದ ಅಂಚಿನಿಂದ ಕಲ್ಲನ್ನು ಉಜ್ಜತೊಡಗಿದಳು. ಅಕ್ಕೋರು ಉಜ್ಜುತ್ತಿದ್ದ ಹಾಗೆಯೇ. ಉಜ್ಜಿದ ಕಡೆ ಕುಂಕುಮ ಅಳಿಸಿಹೋಯಿತು. ಹೆಂಗಸರು ಹೌಹಾರಿದರು. ಅವಳ ಹೆತ್ತ ತಾಯಿಯೇ ಓಡಿ ಬಂದು ರಟ್ಟೆ ಹಿಡಿದು ಎಳೆದು, "ಹಿರಿಯರ ಮೈಮ್ಯಾಲಿನ ಕುಂಕುಮ ಒರಸ್ತೀಯಾ, ಕೇರಿ ಹಾಳ ಮಾಡ್ತೀಯಾ!" ಎಂದು ಕೆನ್ನೆಗೆ ಹೊಡೆದಳು. ವಿಠ್ಠಲರಾಯರು ಗಾಡಿಯ ಪಕ್ಕದಿಂದ ಕದಲಿರಲಿಲ್ಲ. ಮೆಲುದನಿಯಲ್ಲಿ, "ಇದು ಇವರ ದೇವರು, ಸಾಹೇಬ್ರ. ಬಡವರ ಶ್ರದ್ಧಾ ಕೆಡಸೂದು ಬ್ಯಾಡ" ಎಂದರು.

ಆ ಸಾಹೇಬರು ಕೆಟ್ಟವರಾಗಿರಲಿಲ್ಲ. ನನಗೆ ಹೆಚ್ಚು ನೋವಾಗುವುದೇ ಅದಕ್ಕೆ. ಅವರು ಸಿಡುಕಲಿಲ್ಲ, ನಮ್ಮನ್ನು ಹೀಯಾಳಿಸಲಿಲ್ಲ. ಬೂಟು ಕಳಚಿ, ಬಂಡೆಯ ಮುಂದೆ ನಿಂತು ಕೈಮುಗಿದು, ಕುಂಕುಮ ಹಚ್ಚಿಕೊಂಡು ಗಾಡಿ ಹತ್ತಿದರು. ಅವರು ಕೈಮುಗಿದದ್ದನ್ನು ಕಂಡು ಕೇರಿಯವರು ಹಿಗ್ಗಿಹೋದರು. ಶಾಲೆ ಬಂತೆಂದೇ ತಿಳಿದರು. ಜೈತುನ್ ತಾಯಿಯ ಕೈ ಕೊಸರಿಕೊಂಡು ಗಾಡಿಯ ಮುಂದಿನ ದಾರಿಯ ಮಣ್ಣಿನಲ್ಲಿ ಕೂತು, ಬೆರಳಿನಿಂದ 'ಇದು ನಮ್ಮ ಶಾಲೆ' ಎಂದು ಪೂರ್ತಿ ಬರೆದಳು. ಗಾಡಿಯವನು ಪಕ್ಕಕ್ಕೆ ಸರಿ ಎಂದು ಗದರಿದ. ಚಕ್ರ ಅದರ ಮೇಲೆಯೇ ಹೋಯಿತು. ಅಕ್ಷರ ದುಂಡಗೇ ಇತ್ತು ಎಂದು ಅಜ್ಜಿ ನನಗೆ ಹೇಳಿದ್ದಾಳೆ.

ಶಾಲೆ ಹಿರೇಕಣಿವೆಗೆ ಹೋಯಿತು. ವಿಠ್ಠಲರಾಯರ ತಂದೆಯ ಹೆಸರಿನಲ್ಲಿ ಕಟ್ಟಡವೆದ್ದಿತು, ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಆ ಕಲ್ಲಿಗೆ ಯಾರೂ ಎಣ್ಣೆ ಹೊಯ್ಯುವುದಿಲ್ಲವಾದ್ದರಿಂದ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಆಗ ಹಳ್ಳಕ್ಕೆ ಸೇತುವೆ ಇರಲಿಲ್ಲ. ಮಳೆಗಾಲದುದ್ದಕ್ಕೂ ನಮ್ಮ ಮಕ್ಕಳು ದಾಟುವಂತಿರಲಿಲ್ಲ. ಬೇಸಿಗೆಯಲ್ಲಿ ದಾಟಿ ಹೋದವರು ಹೊರಜಗಲಿಯಲ್ಲಿ ಕೂರಬೇಕಾಗಿತ್ತು. ನಾನೂ ಅಲ್ಲೇ ಕೂತವನು. ಕಿಟಕಿಯಿಂದ ಬೋರ್ಡಿನ ಎಡಬದಿ ಮಾತ್ರ ಕಾಣುತ್ತಿತ್ತು. ಕೇರಿಯ ಮಕ್ಕಳು ಮತ್ತೆ ಕೋಲು ಹಿಡಿದು ದನದ ಹಿಂದೆ ಹೋದರು. ಮಧ್ಯಾಹ್ನ ದನ ಮೆಲುಕು ಹಾಕುವಾಗ ಅವರು ಬಂಡೆಯ ಬುಡದಲ್ಲಿ ಕೂತು ಊದುಬತ್ತಿ ಹಚ್ಚುತ್ತಿದ್ದರು. ಸಾಲಿಗಲ್ಲು ಎಂಬ ಹೆಸರು ಮೊದಲು ಅಕ್ಕೋರ ಕಲ್ಲಾಯಿತು. ಹರಕೆ ಹೊತ್ತವರಿಗೆ ಮಕ್ಕಳಾದಾಗ ಅಮ್ಮ ಎಂಬುದು ಸೇರಿಕೊಂಡಿತು. ಮುಂದೆ ಹಿರೇಕಣಿವೆಯವರೂ ಬರತೊಡಗಿದರು. ಬಂದವರು ಪೂಜೆ ನಮ್ಮ ಕೈಯಿಂದ ಆದರೆ ನಡೆಯುವುದಿಲ್ಲ ಎಂದು ತಮ್ಮ ಪೂಜಾರಿಯನ್ನು ತಂದಿಟ್ಟರು. ಮುಖವಾಡ ಮಾಡಿಸಿದವರು ವಿಠ್ಠಲರಾಯರ ಮೊಮ್ಮಗ. ಅಕ್ಕೋರ ಮುಖ ಹೇಗಿತ್ತು ಎಂದು ಅವರು ನಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ಬೆಳ್ಳಿಯಲ್ಲಿ ಮಾಡಿಸುತ್ತಿರಲಿಲ್ಲ.

ನನ್ನ ಅಜ್ಜಿ ಸಾಯುವತನಕ ಆ ಬಂಡೆಗೆ ಒಂದು ಹನಿ ಎಣ್ಣೆ ಹಾಕಲಿಲ್ಲ. ಅಮ್ಮ ಎಂದೂ ಕರೆಯಲಿಲ್ಲ. ಆಕೆಯ ಬಾಯಲ್ಲಿ ಅದು ಕೊನೆಯವರೆಗೆ ಸಾಲಿಗಲ್ಲೇ. ಆಗಾಗ ಮಡಿಲಲ್ಲಿ ಬೂದಿ, ಅಂಟುವಾಳ ಕಟ್ಟಿಕೊಂಡು ಹೋಗಿ, ಬಂಡೆಯ ಹಿಂಬದಿಯ ಪೊದೆಯ ಮರೆಯಲ್ಲಿ ಒಂದು ಅಂಗೈಯಗಲದ ಜಾಗವನ್ನು ಉಜ್ಜುತ್ತಿದ್ದಳು. ಮುದುಕಿಗೆ ಮರುಳು ಎಂದು ಕೇರಿಯವರೇ ಆಡಿಕೊಂಡರು. ಆ ಅಂಗೈಯಗಲದಲ್ಲಿ ಶೇಡಿಯಿಂದ ಬರೆದು ನನಗೆ ಮೊದಲ ಪದ ಕಲಿಸಿದಳು. ಕೌಲಿ. ನಮ್ಮ ಮನೆಯಲ್ಲಿ ಆಗ ಹಸುವೇ ಇರಲಿಲ್ಲ. ಆಕೆ ಹೋದ ಮೇಲೆ ಉಜ್ಜುವವರಿಲ್ಲದೆ, ಮೇಲಿನ ಎಣ್ಣೆ ಇಳಿದು ಇಳಿದು ಆ ಜಾಗವೂ ಮಿಂಚತೊಡಗಿತು.

ಈಗ ಹೋದವರಿಗೆ ಕಾಣುವುದು ಇಷ್ಟು. ಮತ್ತಿಮರಗಳು, ತಗಡಿನ ಚಪ್ಪರ, ಬೆಳ್ಳಿಯ ಮುಖ, ಸರದಿಯಲ್ಲಿ ನಿಂತ ಪರೀಕ್ಷೆಯ ಮಕ್ಕಳು. ಎಣ್ಣೆಯ ಬಾಟಲಿ ಮಾರುವ ಹುಡುಗಿಯರು ನಮ್ಮ ಕೇರಿಯವರು, ಶಾಲೆಯ ಹೊತ್ತಿನಲ್ಲೂ ಅಲ್ಲೇ ಇರುತ್ತಾರೆ. ಎದುರಿನ ಹಸಿರು ಬೋರ್ಡಿನಲ್ಲಿ ಅಕ್ಕೋರಮ್ಮ ದೇವಿಯ ಮಹಿಮೆ, ಏಳು ಅಕ್ಕತಂಗಿಯರ ಕತೆ, ಪೂಜೆಯ ಸಮಯ ಎಲ್ಲ ಬರೆದಿದೆ. ಕೊನೆಯ ಸಾಲನ್ನು ಮಾತ್ರ ಎಲ್ಲರಿಗೂ ಕಾಣಲಿ ಎಂದು ಕೆಂಪು ಬಣ್ಣದಲ್ಲಿ, ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಹೋದ ವರ್ಷ ಬಾಟಲಿ ಹಿಡಿದು ನಿಂತಿದ್ದ ಒಬ್ಬ ಹುಡುಗಿ, ನಮ್ಮ ಪುಟ್ಟಾ ಬುದವಂತನ ಮರಿಮಗಳ ಮಗಳು, ಅದೇನು ಬರೆದಿದೆ ಎಂದು ನನ್ನನ್ನು ಕೇಳಿದಳು. ಓದಿ ಹೇಳಿದೆ.

"ಈ ಬಂಡೆಯ ಮೇಲೆ ಬರೆಯುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ."